ಸಂಗಯ್ಯ ಓದು ಹಚ್ಚಿದ್ದು

ಇಳಕಲ್ಲಿನಲ್ಲಿ ಸಂಗಯ್ಯನ ಮುಖ ಗೊತ್ತಿದ್ದವರು ಕಡಿಮೆ. ದನಿ ಗೊತ್ತಿಲ್ಲದವರು ಇಲ್ಲವೇ ಇಲ್ಲ. ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಮೈಕಿನ ಮುಂದೆ ಕೂತು "ಹುನಗುಂದ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಬಸ್ಸು..." ಎಂದು ಅವನು ಸಾರಿದರೆ, ಬಾಗಲಕೋಟೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದು ಹೊರಟವರ ಎದೆ ಝಲ್ ಎನ್ನುತ್ತಿತ್ತು. ಬಸ್ಸು ಬಂದರೂ ಅದೇ ದುಃಖ, ರದ್ದಾದರೂ ಅದೇ ದುಃಖ. ಒಂದು ಸಲ ಮದುವೆಗೆ ಹೊರಟ ಬೀಗರ ತಂಡ ಆ ದನಿ ಕೇಳಿ, ಶಕುನ ಸರಿಯಿಲ್ಲವೆಂದು ಮುಂದಿನ ಬಸ್ಸಿಗೆ ಕಾದಿತ್ತಂತೆ. ಮುಂದಿನ ಬಸ್ಸನ್ನು ಸಾರಿದವನೂ ಸಂಗಯ್ಯನೇ.

ಈ ದನಿ ಅವನ ಸ್ವಂತ ಸಂಪಾದನೆಯಲ್ಲ, ಅಪ್ಪನಿಂದ ಬಂದ ಆಸ್ತಿ. ಅಪ್ಪ ಗುರುಪಾದಯ್ಯ ಮಗ್ಗದ ಓಣಿಗೆ ಓದುವ ಅಯ್ಯನಾಗಿದ್ದ. ಓಣಿಯಲ್ಲಿ ಯಾರಾದರೂ ಕೊನೆಯುಸಿರಿಗೆ ಬಂದರೆ ಅವನಿಗೆ ಕರೆ ಹೋಗುತ್ತಿತ್ತು. ಅವನು ಬಂದು, ಕೋಣೆಯ ಬಾಗಿಲು ಮುಚ್ಚಿ, ಮಂಚದ ಪಕ್ಕ ಕೂತು, ಹೋಗುವವರ ಕಿವಿಯ ಹತ್ತಿರ ಶರಣರ ಪುರಾಣ ಓದುತ್ತಿದ್ದ. ಅದಕ್ಕೆ ಓಣಿಯವರು 'ಓದು ಹಚ್ಚುವುದು' ಎನ್ನುತ್ತಿದ್ದರು. ಮುಚ್ಚಿದ ಬಾಗಿಲ ಹಿಂದಿನಿಂದ ಆ ದನಿ ಕೇಳಿದರೆ ಸಾಕು, ಅಕ್ಕಪಕ್ಕದ ಹೆಂಗಸರು ಒಲೆಯ ಮೇಲಿನ ಹಾಲು ಇಳಿಸಿ ಹೊರಗೆ ಬರುತ್ತಿದ್ದರು. ಇದಕ್ಕೊಂದು ಕಟ್ಟಳೆಯೂ ಇತ್ತು. ಹಚ್ಚಿದ ಪುಸ್ತಕವನ್ನು ಅರ್ಧಕ್ಕೆ ಬಿಡುವಂತಿಲ್ಲ; ಜೀವ ನಡುವೆಯೇ ಹೋದರೂ ಉಳಿದದ್ದನ್ನು ಓದಿ ಮುಗಿಸಬೇಕು. ಬಿಟ್ಟರೆ, ಕರೆದೊಯ್ಯಲು ಬಂದ ಯಮ ಅಲ್ಲಿಗೇ ತಿರುಗದೆ ಪಕ್ಕದ ಬಾಜೂ ಮನೆಗೆ ನುಗ್ಗುತ್ತಾನೆ.

ಅಪ್ಪ ಒಳಗೆ ಓದುವಾಗ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದ ಸಂಗಯ್ಯನಿಗೆ ಚಿಕ್ಕಂದಿನಲ್ಲೇ ಒಂದು ಸಂಗತಿ ಖಚಿತವಾಗಿತ್ತು: ಪುಸ್ತಕ ತೆರೆದರೆ ಯಾರೋ ಸಾಯುತ್ತಾರೆ. ಹಾಗಾಗಿ ಪರೀಕ್ಷೆ ಪಾಸಾಗಲು ಬೇಕಾದಷ್ಟು ಜೀವಹಾನಿ ಮಾಡಿ, ಆಮೇಲೆ ಪುಸ್ತಕದ ಗೊಡವೆಯನ್ನೇ ಬಿಟ್ಟಿದ್ದ.

ಇಂಥವನನ್ನು ಮಲೀಕಸಾಬ 'ಓದುಗೆಳೆಯರು' ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿದ. ಮಲೀಕಸಾಬ ಸಂಗಯ್ಯನ ಸಾಲೆಯ ಗೆಳೆಯ; ಗ್ರಾನೈಟ್ ಅಂಗಡಿ ಇಟ್ಟುಕೊಂಡು ಕಲ್ಲಿನ ಮೇಲೆ ಹೆಸರು ಕೆತ್ತುತ್ತಿದ್ದವನು; ಕೈ ಬಿಡುವಾದಾಗೆಲ್ಲ ಓದುತ್ತಿದ್ದವನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಓದುಗರೆಲ್ಲ ಆ ಗುಂಪಿನಲ್ಲಿ ದಿನಾ ಸಂಜೆ 'ಈಗ ಓದುತ್ತಿರುವುದು' ಎಂದು ತಮ್ಮ ಪುಸ್ತಕದ ಫೋಟೋ ಹಾಕಬೇಕು, ನಾಲ್ಕು ಸಾಲು ಬರೆಯಬೇಕು. ಸಂಗಯ್ಯ ಮಲೀಕಸಾಬನ ಕಪಾಟಿನಿಂದ ಒಂದೊಂದು ಪುಸ್ತಕ ತೆಗೆದು, ಮೇಲೆ ಕನ್ನಡಕ ಇಟ್ಟು, ಪಕ್ಕದಲ್ಲಿ ಚಹಾದ ಕಪ್ಪು ಇಟ್ಟು ಫೋಟೋ ಹೊಡೆದ. ಹಿಂದಿನ ರಟ್ಟಿನ ಮೇಲಿದ್ದುದನ್ನೇ ಹಿಂದುಮುಂದು ಮಾಡಿ ಬರೆದ. ಗುಂಪಿನ ಮುಖ್ಯಸ್ಥೆ, ಹುನಗುಂದದ ಶೀಲಾ ಟೀಚರು, "ಚೆನ್ನಾಗಿ ಹೇಳಿದ್ದೀರಿ ಸಂಗಯ್ಯ ಸರ್" ಎಂದು ಉತ್ತರಿಸಿದರು. ಸರ್! ಮೂವತ್ತು ವರ್ಷದ ನೌಕರಿಯಲ್ಲಿ ಸಂಗಯ್ಯನನ್ನು ಪ್ರಯಾಣಿಕರು ಕರೆದ ಹೆಸರುಗಳೇ ಬೇರೆ. ಅವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂದಿನಿಂದ ಆ ಒಂದು ಪದ ಕಳೆದುಕೊಳ್ಳದಂತೆ ಬದುಕುವುದೇ ಅವನ ಬಾಳಿನ ಗುರಿಯಾಯಿತು.

ಆದರೆ ಟೀಚರು ಎಂದಮೇಲೆ ಪರೀಕ್ಷೆ ಇದ್ದೇ ಇರುತ್ತದೆ. "ಕೆಲವರು ರಟ್ಟು ಮಾತ್ರ ಓದುತ್ತಿದ್ದಾರೆ ಎಂಬ ಗುಮಾನಿ ಇದೆ. ಇನ್ನು ಮುಂದೆ ಪ್ರತಿಯೊಬ್ಬರೂ ಒಂದು ಪುಟವನ್ನು ಗಟ್ಟಿಯಾಗಿ ಓದಿ ಧ್ವನಿ ಕಳಿಸಬೇಕು" ಎಂದು ಒಂದು ದಿನ ಅಪ್ಪಣೆಯಾಯಿತು.

ಸಂಗಯ್ಯ ನೀಲಿ ರಟ್ಟಿನ ದಪ್ಪ ಕಾದಂಬರಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಯೆಲ್ಲ ತಿರುಗಿದ. ಪಡಸಾಲೆಯಲ್ಲಿ ಓಣಿಯ ಮಗ್ಗಗಳ ಸಪ್ಪಳ. ಅಡುಗೆಮನೆಯಲ್ಲಿ ಹೆಂಡತಿ ನೀಲಾಬಾಯಿಯ ಸಪ್ಪಳ. ಸದ್ದಿಲ್ಲದ ಜಾಗ ಎಂದರೆ ಹಿಂದಿನ ಕೋಣೆ ಒಂದೇ. ಅಲ್ಲಿ ಅವನ ಸೋದರತ್ತೆ ಗುರುಲಿಂಗವ್ವ ಮಲಗಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ ಮುದುಕಿಗೆ ಈ ವಯಸ್ಸಿನಲ್ಲಿ ಆಪರೇಶನ್ ತಡೆಯುವುದಿಲ್ಲ ಎಂದು ದವಾಖಾನೆಯವರು ಮನೆಗೆ ಕಳಿಸಿದ್ದರು. ಆಕೆಗೆ ನಿದ್ದೆ ಹತ್ತಿದೆ ಎಂದುಕೊಂಡು ಸಂಗಯ್ಯ ಬಾಗಿಲು ಮುಚ್ಚಿ, ಮಂಚದ ಪಕ್ಕ ಕೂತು, ಫೋನ್ ಒತ್ತಿ ಓದತೊಡಗಿದ: "ಚಂಪಾಬಾಯಿ ಟ್ರಂಕು ಎತ್ತಿಕೊಂಡು ಗಂಡನ ಮನೆಯ ಹೊಸ್ತಿಲು ದಾಟಿ ಹೊರಬಿದ್ದಳು..."

ಬಾಜೂ ಮನೆಯ ಇಂದ್ರಾಬಾಯಿ ಒಲೆಯ ಮೇಲಿನ ಹಾಲು ಇಳಿಸಿದಳು. ಹಿತ್ತಿಲ ಕಿಟಕಿಗೆ ಬಂದು ಕಿವಿಗೊಟ್ಟಳು. ಸತ್ತು ಎಷ್ಟೋ ಕಾಲವಾಗಿದ್ದ ಗುರುಪಾದಯ್ಯನ ದನಿ, ಮುಚ್ಚಿದ ಬಾಗಿಲು! ಅವಳು ಸೆರಗು ಬಾಯಿಗಿಟ್ಟುಕೊಳ್ಳುವುದಕ್ಕೂ ಮೊದಲೇ ಅಳು ಹೊರಗೆ ಬಂದುಬಿಟ್ಟಿತು.

ಪುಟ ಮುಗಿಸಿ, ಧ್ವನಿ ಕಳಿಸಿ, ಸಂಗಯ್ಯ ಬಾಗಿಲು ತೆರೆದ. ಅಂಗಳದ ತುಂಬ ಚಪ್ಪಲಿಗಳು. ಎಲ್ಲರಿಗಿಂತ ಮುಂದೆ ಇಂದ್ರಾಬಾಯಿಯ ಗಂಡ ಮಾಳಿಂಗರಾಯ, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ನಿಂತಿದ್ದ. ಹಿಂದೆ ಮಗ್ಗ ನೇಯುತ್ತಿದ್ದವನು. ಈಗ ದಮ್ಮು ಹತ್ತಿ ಕೂತಲ್ಲೇ ಕೆಮ್ಮುವವನು.

"ಯಾವಾಗಿಂದ್ರಿ ಅಯ್ಯಾರ?"

"ಏನ್ ಯಾವಾಗಿಂದ?"

"ಅವ್ವಾರ ಮಾತ ನಿಂತದ್ದು."

"ನನ್ನ ಮಾತ ಯಾವಾಗ ನಿಂತೈತೋ ಮಾಳಿಂಗ್ಯಾ!" ಎಂದು ಒಳಗಿನಿಂದ ಗುರುಲಿಂಗವ್ವ ಗುಡುಗಿದಳು.

ಇಂದ್ರಾಬಾಯಿ ಮತ್ತೆ ಕಣ್ಣೊರೆಸಿಕೊಂಡಳು. "ಕಡೀಕ ಒಮ್ಮೆ ಹಿಂಗ ದನಿ ಏರತೈತ್ರಿ. ನಮ್ಮ ಅತ್ತೀದೂ ಹಿಂಗ ಏರಿತ್ತು."

"ಅದು ಪುರಾಣ ಅಲ್ರಿ," ಎಂದ ಸಂಗಯ್ಯ, ಕೈ ಜೋಡಿಸಿ. "ಕಾದಂಬರಿ. ವಾಟ್ಸಾಪಿಗೆ ಓದೇನಿ."

ಮಾಳಿಂಗರಾಯ ಪುಸ್ತಕ ನೋಡಲಿಲ್ಲ, ಎರಡು ಮನೆಗಳ ನಡುವಿನ ಗೋಡೆ ನೋಡಿದ. "ಪುಸ್ತಕ ಯಾವುದಾದ್ರೇನ್ರಿ? ದನಿ ಅದ, ಮನಿ ಅದ, ಬಾಗಲಾ ಹಾಕೀರಿ. ಹಚ್ಚಿದ್ದು ಹಚ್ಚಿದ್ಹಂಗ. ಇನ್ನ ಅರ್ಧಕ್ಕ ಬಿಟ್ಟಗಿಟ್ಟೀರಿ ಮತ್ತ! ಬಾಜೂ ಮನಿ ನಂದ ಐತಿ."

ಫೋನು ಟಣ್ ಟಣ್ ಎನ್ನತೊಡಗಿತು. ಶೀಲಾ ಟೀಚರು ಬರೆದಿದ್ದರು: "ಸಂಗಯ್ಯ ಸರ್, ನಿಮ್ಮ ಓದು ಕೇಳಿ ಪಕ್ಕದಲ್ಲಿದ್ದವರೇ ಅತ್ತದ್ದು ಕೇಳಿಸಿತು. ಇಂಥ ಓದನ್ನು ನಾನು ಕಂಡಿಲ್ಲ. ತಿಂಗಳ ಕೊನೆಯ ಸಭೆಯಲ್ಲಿ ಈ ಕಾದಂಬರಿ ಬಗ್ಗೆ ನೀವೇ ಮಾತಾಡಬೇಕು." ಅದರ ಕೆಳಗೆ ಬಾದಾಮಿಯಿಂದ, ಬಾಗಲಕೋಟೆಯಿಂದ ಜೋಡಿಸಿದ ಕೈಗಳ ಸಾಲು. ಹೀಗೆ ಮುಂದಿನಿಂದ ಟೀಚರು, ಹಿಂದಿನಿಂದ ಮಾಳಿಂಗರಾಯ ಹಿಡಿದುಕೊಂಡು, ಜನ್ಮದಲ್ಲಿ ಪುಸ್ತಕ ಓದದ ಮನುಷ್ಯನನ್ನು ಓದಿಗೆ ಕೂರಿಸಿದರು.

ರಜೆ ಕೇಳಲು ಸಂಗಯ್ಯ ಡಿಪೋ ಸಾಹೇಬರ ಮುಂದೆ ನಿಂತ. ಸುದ್ದಿ ಅಷ್ಟರಲ್ಲಿ ಅಲ್ಲಿಗೂ ಬಂದಿತ್ತು. ಸಾಹೇಬರು ಎದ್ದು ನಿಂತು ಅವನ ಹೆಗಲ ಮೇಲೆ ಕೈ ಇಟ್ಟರು.

"ತಿಳೀತು ಸಂಗಯ್ಯ. ಅಂದಾಜು ಯಾವಾಗ ಮುಗೀಬಹುದು?"

"ಇನ್ನ ಭಾಳ ಪುಟ ಉಳದಾವ್ರಿ ಸಾಹೇಬ್ರ. ಅಕ್ಷರ ಸಣ್ಣ ಅದಾವು."

ಸಾಹೇಬರು ಒಂದು ಗಳಿಗೆ ಅವನ ಮುಖ ನೋಡಿದರು. ದುಃಖದಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ ಎಂದು ಸಹಿ ಹಾಕಿ ಕಳಿಸಿದರು.

ಓದು ನಡೆಯಿತು. ಮುಂಜಾನೆ ಒಂದಿಷ್ಟು, ಸಂಜೆ ಒಂದಿಷ್ಟು. ಅಂಗಳದಲ್ಲಿ ಸರತಿಯ ಮೇಲೆ ಜನ ಕೂತರು; ನೀಲಾಬಾಯಿ ಅವರಿಗೆಲ್ಲ ಚಹಾ ಮಾಡಿ ಮಾಡಿ, "ಈ ಓದಿನಾಗ ಮದಲ ಹೋಗೋದು ನಾನ" ಎಂದು ಬಾಗಿಲಿಗೆ ಕೇಳುವಂತೆ ಹೇಳಿದಳು. ಗುರುಲಿಂಗವ್ವ ಮೊದಮೊದಲು ಗೋಡೆಗೆ ಮುಖ ಮಾಡಿ ಮಲಗಿದ್ದವಳು ಚಂಪಾಬಾಯಿಯನ್ನು ಅವಳ ಅಣ್ಣ ಮನೆಯೊಳಗೆ ಕರೆಯದೆ ಕಟ್ಟೆಯ ಮೇಲೆ ಕೂರಿಸಿದಲ್ಲಿಗೆ ಬಂದಾಗ ಈಚೆ ಹೊರಳಿದಳು. ಸೊಂಟ ಮುರಿದ ಮೇಲೆ ಆಕೆ ತಾನಾಗಿ ಹೊರಳಿದ್ದು ಅದೇ ಮೊದಲು.

"ಸಾವಕಾಶ ಓದಲೇ ಸಂಗ್ಯಾ. ಬಸ್ಸೇನ ಹೊಂಟೈತೇನು?"

ಗುರುಲಿಂಗವ್ವನೂ ಒಂದು ಕಾಲದಲ್ಲಿ ಟ್ರಂಕು ಹೊತ್ತು ಗುಡೂರಿನ ಗಂಡನ ಮನೆಯಿಂದ ಬಂದವಳೇ. ಹಬ್ಬ ಮುಗಿಸಿ ಹೋಗುತ್ತೇನೆ ಎಂದು ಬಂದಿದ್ದಳು. ಕರೆಯಲು ಗಂಡ ಬರಲಿಲ್ಲ. ಮರುವರ್ಷ ಅವನ ಇನ್ನೊಂದು ಮದುವೆಯ ಸುದ್ದಿ ಬಂತು. ಆ ಟ್ರಂಕು ಇವತ್ತಿಗೂ ಅದೇ ಕೋಣೆಯ ಮೂಲೆಯಲ್ಲಿದೆ. ಆ ವಿಷಯವಾಗಿ ಆಕೆ ಯಾರೊಡನೆಯೂ ಒಂದು ಮಾತು ಆಡಿದವಳಲ್ಲ, ಯಾರೂ ಕೇಳಿದವರಲ್ಲ. ಚಂಪಾಬಾಯಿಯ ವಿಷಯಕ್ಕೆ ಮಾತ್ರ ಬಾಯಿ ತುಂಬ ಮಾತು. ಚಂಪಾಬಾಯಿ ರೈಲು ನಿಲ್ದಾಣದ ಹತ್ತಿರ ಖಾನಾವಳಿ ಇಟ್ಟಾಗ, "ಕಟ್ಟಿಗಿ ಹಸೀ ಇರತಾವ, ಹೊಗಿ ಆಕ್ಕತಿ, ಅದನ್ನ ಬರದಿಲ್ಲ ಅವ" ಎಂದು ಬರೆದವರ ತಪ್ಪು ಹಿಡಿದಳು. ಚಂಪಾಬಾಯಿಗೆ ಜ್ವರ ಬಂದ ದಿನ ತಾನೂ ಗಂಜಿ ಮುಟ್ಟಲಿಲ್ಲ. ನಡುವೆ ಕಣ್ಣು ಮುಚ್ಚಿದಳೆಂದು ಸಂಗಯ್ಯ ಓದು ನಿಲ್ಲಿಸಿದರೆ, "ಮುಂದ?" ಎನ್ನುತ್ತಿದ್ದಳು. ಸಂಗಯ್ಯನಿಗೂ ಈಗ ಬೇರೆ ಯೋಚನೆ ಉಳಿಯಲಿಲ್ಲ. ಗುಂಪಿಗೆ ಫೋಟೋ ಹಾಕುವುದನ್ನೂ ಮರೆತ. ಓಣಿಯ ಲೆಕ್ಕದಲ್ಲಿ ಪುಸ್ತಕ ಮುಗಿಯುವುದರೊಳಗೆ ಮುದುಕಿ ಹೋಗಬೇಕಿತ್ತು. ಅವನಿಗೆ ಈಗ ಮುದುಕಿ ಇರುವುದರೊಳಗೆ ಪುಸ್ತಕ ಮುಗಿಯಬೇಕಿತ್ತು. ಯಾಕೆಂದರೆ ದಿನದಿಂದ ದಿನಕ್ಕೆ ಆಕೆಯ ಗಂಜಿ ಕಡಿಮೆಯಾಗುತ್ತಿತ್ತು, ದನಿ ತಗ್ಗುತ್ತಿತ್ತು. ಅದನ್ನು ಅಂಗಳದವರು ಶಕುನ ಎಂದು ಲೆಕ್ಕ ಹಾಕಲೇ ಇಲ್ಲ, ಬೈಗುಳ ಕಡಿಮೆಯಾಯಿತೆಂದು ಸಮಾಧಾನಪಟ್ಟರು.

ಇದರ ನಡುವೆ ಮಲೀಕಸಾಬ ಟಂಟಂ ಗಾಡಿಯಲ್ಲಿ ಕಲ್ಲು ಹಾಕಿಕೊಂಡು ಬಂದ. ಸುದ್ದಿ ಅವನಿಗೆ ಮೂರು ಬಾಯಿ ದಾಟಿ ಮುಟ್ಟಿತ್ತು; ದಾಟುವಾಗ ಮುದುಕಿಯನ್ನು ಮಣ್ಣೂ ಮಾಡಿಬಿಟ್ಟಿತ್ತು. ಗೆಳೆಯನಿಂದ ಈ ಹೊತ್ತಿನಲ್ಲಿ ಹೇಳಿಸಿಕೊಳ್ಳಬಾರದು ಎಂದು, ನುಣುಪಾದ ಕರಿ ಕಲ್ಲಿನ ಮೇಲೆ 'ಗುರುಲಿಂಗವ್ವ' ಎಂದು ತಾನೇ ಕೆತ್ತಿ ತಂದಿದ್ದ. ಕೋಣೆಯ ಬಾಗಿಲಿಗೆ ಬಂದವನು ಹೆಸರಿನವಳು ಕಣ್ಣು ಬಿಟ್ಟು ನೋಡುತ್ತಿರುವುದನ್ನು ಕಂಡು ಕಲ್ಲನ್ನು ಬೆನ್ನ ಹಿಂದೆ ಮುಚ್ಚಿಡಲು ನೋಡಿದ. ಕಲ್ಲು ಅವನಿಗಿಂತ ಅಗಲವಿತ್ತು.

"ಏನಪಾ ಅದು ಮಲೀಕ? ಈಚಿ ತೋರ್ಸು."

ಮಲೀಕಸಾಬ ತಲೆ ತಗ್ಗಿಸಿ ತೋರಿಸಿದ. ಸಂಗಯ್ಯ ಪುಸ್ತಕದಿಂದ ಮುಖ ಮುಚ್ಚಿಕೊಂಡ. ಅಕ್ಷರ ಬಾರದ ಗುರುಲಿಂಗವ್ವ ಕಲ್ಲಿನ ಮೇಲೆ ಕೈಯಾಡಿಸಿ ನೋಡಿದಳು.

"ಇದು ನನ್ನ ಹೆಸರೇನು?"

"ಹೌದ್ರಿ ಅವ್ವಾರ. ತಪ್ಪಾತ್ರಿ. ತಪ್ಪ ತಿಳಕೊಂಡ್ನಿರಿ."

"ಕೆಲಸ ಚಲೋ ಮಾಡೀ. ಆದ್ರ ಕರೀದು ಬ್ಯಾಡ. ಜಗತ್ತಿಗೆಲ್ಲಾ ಕೆಂಪ ಕಲ್ಲ ಕಳಸೋ ಊರಾಗಿದ್ದು ನನಗ ಕರೀದ್ಯಾಕ? ಕೆಂಪದ್ರಾಗ ಮಾಡು. ಗಡಬಡಿ ಇಲ್ಲ, ಈ ಕತಿ ಮುಗೀಲಿ."

ಮಲೀಕಸಾಬ ಕಲ್ಲನ್ನು ವಾಪಸ್ ಹೊತ್ತುಕೊಂಡು ಹೋದ. ಅಂಗಳ ದಾಟುವಾಗ ಗಂಡಸಾದರೂ ಅತ್ತುಬಿಟ್ಟ.

ಕತೆ ಕೊನೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತಿತ್ತು. ಎಷ್ಟೋ ವರ್ಷದ ಮೇಲೆ ಚಂಪಾಬಾಯಿಯ ಗಂಡ, ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡು, ಹಸಿದು, ಗೊತ್ತಿಲ್ಲದೆ ಅವಳ ಖಾನಾವಳಿಯ ಮುಂದೆಯೇ ಬಂದು ನಿಲ್ಲುತ್ತಾನೆ. ಅವಳು ಒಲೆಯ ಮುಂದಿನಿಂದ ತಲೆ ಎತ್ತಿ ನೋಡುತ್ತಾಳೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಸಂಗಯ್ಯ ಹಾಳೆ ತಿರುವಬೇಕು ಅನ್ನುವಷ್ಟರಲ್ಲಿ ಅಂಗಳದಲ್ಲಿ ಟೆಂಪೋ ನಿಂತ ಸದ್ದಾಯಿತು.

ಗುಡೂರಿನಿಂದ ಮಹಾಂತೇಶ ಬಂದಿದ್ದ. ಗುರುಲಿಂಗವ್ವನ ಗಂಡನಿಗೆ ಎರಡನೆಯ ಹೆಂಡತಿಯಲ್ಲಿ ಹುಟ್ಟಿದ ಮಗ. ಈ ಮನೆಯ ಹೊಸ್ತಿಲು ಎಂದೂ ತುಳಿದವನಲ್ಲ. ಟೆಂಪೋದಲ್ಲಿ ಹಾರ, ಹೊಸ ಸೀರೆ, ಭಜನೆಯ ಮೇಳ, ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಎಲ್ಲ ಇತ್ತು. ಮುದುಕಿ ಇನ್ನೂ ಇದ್ದಾಳೆ ಎಂದು ತಿಳಿದು ಅವನು ಅಂಗಳದಲ್ಲಿ ನಿಂತಲ್ಲೇ ನಿಂತ. ಭಜನೆಯವರು ತಾಳಗಳನ್ನು ಸದ್ದಾಗದಂತೆ ಕಿಸೆಯಲ್ಲಿ ಇಟ್ಟುಕೊಂಡರು.

"ತಪ್ಪ ತಿಳೀಬ್ಯಾಡ ದೊಡ್ಡವ್ವಾ," ಎಂದ ಮಹಾಂತೇಶ ಬಾಗಿಲಲ್ಲಿ. "ಅಪ್ಪ ಹೋಗೂ ಮುಂದ ಹೇಳಿದ್ದ. ಆಕೀಗೆ ಏನರ ಆದ್ರ ಮಣ್ಣಿಗೆ ಹೋಗು, ಕರಿಯಾಕ ನಾ ಅಂತೂ ಹೋಗ್ಲಿಲ್ಲ ಅಂತ."

ಗುರುಲಿಂಗವ್ವ ಅವನನ್ನು ಬಹಳ ಹೊತ್ತು ನೋಡಿದಳು. ಅವನ ಮೂಗು, ಹಣೆ, ನಿಂತ ರೀತಿ ಎಲ್ಲ ನೋಡಿದಳು.

"ನೀಲವ್ವಾ," ಎಂದು ನೀಲಾಬಾಯಿಯನ್ನು ಕೂಗಿದಳು. "ಹುಡುಗ ಹಸಗೊಂಡ ಬಂದಾನ. ಬಿಸಿ ರೊಟ್ಟಿ ಬಡದು ಹಾಕು. ಬೆಣ್ಣಿ ನೀಡು."

ಮಹಾಂತೇಶ ಪಡಸಾಲೆಯಲ್ಲಿ ಉಂಡ. ಅವನು ಉಣ್ಣುವಷ್ಟು ಹೊತ್ತೂ ಗುರುಲಿಂಗವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವನು ಬಂದು ಕಾಲು ಮುಟ್ಟಿ ಹೋಗುವಾಗಲೂ ಈಚೆ ಹೊರಳಲಿಲ್ಲ. ಟೆಂಪೋದ ಸದ್ದು ಓಣಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಸಂಗ್ಯಾ, ಚಂಪಾಬಾಯಿ ಏನ ಮಾಡ್ತಾಳ ಗೊತ್ತೇನು?"

"ಓದಲ್ಯಾ ಅತ್ತಿ? ಒಂದ ಅಧ್ಯಾಯ ಐತಿ."

"ಬ್ಯಾಡ, ಸಾಕಾಗೇತಿ. ಮುಂಜಾನಿ ಓದು. ನಾ ಹೇಳ್ತೇನಿ ಕೇಳು. ಊಟಕ್ಕ ನೀಡ್ತಾಳ. ಬಿಸೀದ ನೀಡ್ತಾಳ. ಆದ್ರ ಎದುರಿಗೆ ಕುಂಡ್ರೂದಿಲ್ಲ." ಕೌದಿ ಮೇಲೆಳೆದುಕೊಂಡು ಹೇಳಿದಳು, "ನೋಡು ನಾಳೆ. ಹಂಗ ಇರತೈತಿ."

ಮುಂಜಾನೆ ಸಂಗಯ್ಯ ಪುಸ್ತಕ ಹಿಡಿದು ಹೋದಾಗ ಗುರುಲಿಂಗವ್ವ ಇರಲಿಲ್ಲ. ಮಲಗಿದ ಹಾಗೆಯೇ ಹೋಗಿದ್ದಳು. ಇಷ್ಟು ದಿನ ಅವಳ ಸಾವಿಗಾಗಿ ಅತ್ತು ಮುಗಿಸಿದ್ದ ಓಣಿಗೆ ಅವತ್ತು ಅಳುವುದಕ್ಕೇ ತೋಚಲಿಲ್ಲ. "ಈಗ ಖರೇನ ಹೋದ್ಲೇನು?" ಎಂದು ಇಂದ್ರಾಬಾಯಿ ಎರಡು ಸಲ ಕೇಳಿದಳು. ನಿನ್ನೆ ವಾಪಸ್ ಹೋಗಿದ್ದ ಟೆಂಪೋ ಅದೇ ಹಾರ, ಅದೇ ವಿಮಾನ ತುಂಬಿಕೊಂಡು ಮತ್ತೆ ಬಂತು. ಹಾರ ಸ್ವಲ್ಪ ಬಾಡಿತ್ತು.

ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ಸಂಗಯ್ಯ ಸುಮ್ಮನೆ ಕಟ್ಟೆಯ ಮೇಲೆ ಕೂತ. ಅವನಿಗೆ ಬಹಳ ದುಃಖವಾಗಿತ್ತು. ಒಂದೇ ಒಂದು ಅಧ್ಯಾಯ, ಅದನ್ನು ಓದಿ ಮುಗಿಸಲು ನಿನ್ನೆ ಸಂಜೆ ಹೊತ್ತಿತ್ತು. ಆಗ ಮಾಳಿಂಗರಾಯ ದಮ್ಮು ಎಳೆಯುತ್ತ ಬಂದ. ಮುಖ ಬಿಳುಚಿಕೊಂಡಿತ್ತು.

"ಅಯ್ಯಾರ, ಪುಸ್ತಕ ಪೂರಾ ಆಗಿತ್ತಲ್ರಿ?"

"ಇಲ್ಲ. ಕಡೀ ಅಧ್ಯಾಯ ಉಳೀತು."

"ಅಯ್ಯಯ್ಯ!" ಮಾಳಿಂಗರಾಯ ಎದೆ ಹಿಡಿದುಕೊಂಡು ಅಲ್ಲೇ ಕೂತ. "ಓದ್ರಿ! ನಿಮ್ಮ ಕಾಲ ಬೀಳ್ತೇನಿ, ಇದ್ದದ್ದು ಈಗ ಓದಿ ಮುಗಸ್ರಿ!"

ಸಂಗಯ್ಯ ಒಳಗೆ ಹೋದ. ಖಾಲಿ ಮಂಚದ ಪಕ್ಕ ಕೂತು ಪುಸ್ತಕ ತೆರೆದ. ಈ ಸಲ ಬಾಗಿಲು ಮುಚ್ಚಲಿಲ್ಲ. ಓಣಿಯವರೆಲ್ಲ ಹೊಸ್ತಿಲ ಆಚೆ ಈಚೆ ಕೂತರು. ಇಷ್ಟು ದಿನ ಗೋಡೆಯಾಚೆಯಿಂದ ಕೇಳಿ ಕೇಳಿ ಅವರಿಗೂ ಚಂಪಾಬಾಯಿ ಮನೆಯವಳಾಗಿದ್ದಳು. ಮಹಾಂತೇಶನೂ ಕಂಬಕ್ಕೆ ಒರಗಿ ಕೂತಿದ್ದ.

ಪುಸ್ತಕದ ಅಚ್ಚಿನಲ್ಲಿ ಚಂಪಾಬಾಯಿ ಎದ್ದು, ಗಂಡನ ಮುಖದ ಮೇಲೆ ಖಾನಾವಳಿಯ ಬಾಗಿಲು ಹಾಕಿ ಅಗಳಿ ಜಡಿದಿದ್ದಳು. ಸಂಗಯ್ಯ ಅದನ್ನು ಕಣ್ಣಲ್ಲಿ ಓದಿಕೊಂಡ. ಖಾಲಿ ಮಂಚ ನೋಡಿದ. ಆಮೇಲೆ ಬಾಯಿ ತೆರೆದು ಗಟ್ಟಿಯಾಗಿ ಓದಿದ: "ಚಂಪಾಬಾಯಿ ಏನೂ ಮಾತಾಡಲಿಲ್ಲ. ಹಿಟ್ಟು ನಾದಿ ಬಿಸಿ ರೊಟ್ಟಿ ಬಡಿದಳು. ತಾಟಿನಲ್ಲಿ ಬೆಣ್ಣೆ ಇಟ್ಟು ಅವನ ಮುಂದೆ ಸರಿಸಿದಳು. ಅವನು ಉಂಡು ಏಳುವ ತನಕ ಒಲೆಯ ಕಡೆ ಮುಖ ಮಾಡಿ ಕೂತಳು." ಬಸ್ಸು ಬಂದರೂ ರದ್ದಾದರೂ ಒಂದೇ ತೆರನಾಗಿದ್ದ ಆ ದನಿಯಲ್ಲಿ ಯಾವುದು ಅಚ್ಚಿನದು, ಯಾವುದು ಅಲ್ಲ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಮಹಾಂತೇಶ ಎದ್ದು ಹೊರಗೆ ಹೋದ.

"ಪೂರಾ ಮುಗೀತಲ್ರಿ?" ಎಂದ ಮಾಳಿಂಗರಾಯ.

"ಮುಗೀತು."

ತಿಂಗಳ ಕೊನೆಯ ಐತವಾರ ಹುನಗುಂದದಲ್ಲಿ, ಶೀಲಾ ಟೀಚರ ಮನೆಯ ಮಾಳಿಗೆಯ ಮೇಲೆ ಸಭೆ. ಸಂಗಯ್ಯನಿಗೆ ಹಾರ ಹಾಕಿದರು. ಪರಿಚಯ ಮಾಡುತ್ತ ಟೀಚರು 'ಸರ್' ಎಂದು ಐದಾರು ಸಲ ಅಂದರು. ಸಂಗಯ್ಯ ಎದ್ದು ನಿಂತು, ಪುಸ್ತಕ ಕೈಯಲ್ಲಿದ್ದರೂ ತೆರೆಯದೆ, ಚಂಪಾಬಾಯಿಯ ಟ್ರಂಕಿನಿಂದ ಹಿಡಿದು ಹಸಿ ಕಟ್ಟಿಗೆಯ ಹೊಗೆಯ ತನಕ ಹೇಳಿದ. ಜನ ಚಹಾ ಮರೆತು ಕೇಳಿದರು. ಕೊನೆಗೆ ಬಿಸಿ ರೊಟ್ಟಿ, ಬೆಣ್ಣೆ, ಒಲೆಯ ಕಡೆ ಮುಖ ಎಲ್ಲ ಹೇಳಿ ಮುಗಿಸಿದ.

ಶೀಲಾ ಟೀಚರು ಕನ್ನಡಕ ತೆಗೆದರು.

"ಸಂಗಯ್ಯಾರ, ಕಾದಂಬರಿ ಹಿಂಗ ಮುಗಿಯೂದಿಲ್ಲಲ್ಲ? ಆಕಿ ಬಾಗಲಾ ಹಾಕ್ಕೊಂತಾಳ. ಇಡೀ ಕಾದಂಬರಿ ಅದ ಒಂದ ಬಾಗಲದ ಮ್ಯಾಲ ನಿಂತೈತಿ. ಹೊಗೀ ಮಾತೂ ಇದರಾಗ ಎಲ್ಲೂ ಇಲ್ಲ."

ಬಾದಾಮಿಯವರು ಬಾಗಲಕೋಟೆಯವರ ಮುಖ ನೋಡಿದರು. ಯಾರೋ ಹಿಂದಿನಿಂದ "ಬರೇ ರಟ್ಟು" ಎಂದರು. ಇಷ್ಟು ದಿನ ಒಂದೂ ಪುಸ್ತಕ ಓದದೆ ಫೋಟೋ ಹಾಕಿದವನನ್ನು ಓದುಗ ಎಂದು ನಂಬಿದ್ದ ಗುಂಪು, ಅವನು ಹುಟ್ಟಿದಾಗಿನಿಂದ ಅಕ್ಷರ ಬಿಡದೆ ಓದಿದ ಒಂದೇ ಒಂದು ಪುಸ್ತಕದ ಮುಂದೆ ಅವನನ್ನು ಕಳ್ಳನೆಂದು ಹಿಡಿಯಿತು. ಗುರುಲಿಂಗವ್ವನ ಕತೆ ಬಲ್ಲ ಮಲೀಕಸಾಬನಿಗೆ ಮಾತ್ರ ಆ ರೊಟ್ಟಿ ಎಲ್ಲಿಂದ ಬಂತೆಂದು ಗೊತ್ತಿತ್ತು. ಅವನು ಏಳಲು ನೋಡಿದ. ಸಂಗಯ್ಯ ಬೇಡ ಎಂದು ಕೈ ಮಾಡಿದ.

"ಖರೆ ಹೇಳ್ರಿ," ಎಂದರು ಟೀಚರು. ಈ ಸಲ ಸರ್ ಇರಲಿಲ್ಲ. "ಈ ಪುಸ್ತಕ ನೀವು ಓದೀರೇನು?"

ಸಂಗಯ್ಯ ಕೊರಳಿನ ಹಾರ ತೆಗೆದು ಪುಸ್ತಕದ ಮೇಲೆ ಇಟ್ಟ.

"ಇಲ್ರಿ ಟೀಚರ. ನಮ್ಮತ್ತಿ ಓದ್ಯಾಳ."